ನಾಲ್ಕು ಖಾತೆ, ಒಂದು ಕಿಟಕಿ

ನಮ್ಮ ಭಾಗದಲ್ಲಿ ಒಬ್ಬನಿಗೆ ಒಂದೇ ವಿಳಾಸವಿರುವುದು ಅಪರೂಪ. ನನ್ನ ಮನೆ ಕಾಗವಾಡದ ಕಡೆಗೆ, ಅಜ್ಜಿಯ ಮನೆ ಅಥಣಿಯಲ್ಲಿ, ಕಾಲೇಜು ಚಿಕ್ಕೋಡಿಯಲ್ಲಿ, ಸೋದರಮಾವನವರ ತಂಬಾಕಿನ ವ್ಯಾಪಾರ ನಿಪ್ಪಾಣಿಯಲ್ಲಿ. ಇ-ಮೇಲ್ ಖಾತೆಗಳ ಮಾತೂ ಹಾಗೆಯೇ ಆಗಿದೆ. ಹತ್ತನೆಯ ಇಯತ್ತೆಯಲ್ಲಿದ್ದಾಗ ಅರ್ಜಿ ತುಂಬುವ ಗಡಿಬಿಡಿಯಲ್ಲಿ ರಾಯಬಾಗದ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಒಂದನ್ನು ತೆರೆದೆ, ಕಾಲೇಜಿಗೆಂದು ಎರಡನೆಯದು, ಗೆಳೆಯರಿಗೆಂದು ಮೂರನೆಯದು. ನಾಲ್ಕನೆಯದು ಮಾವನವರ ಅಂಗಡಿಯದು. ಅದನ್ನು ನೋಡಿಕೊಳ್ಳುವ ಕೆಲಸ, ನಾನು ಕಲಿತ ಹುಡುಗನೆಂದು, ನನ್ನ ಪಾಲಿಗೆ ಬಂದಿತು.

ಕಳೆದ ವರ್ಷ ನನ್ನ ವಿದ್ಯಾರ್ಥಿವೇತನದ ಅರ್ಜಿಯಲ್ಲಿಯ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನ ಹೆಸರಿಗೆ ತಾಳೆಯಾಗಲಿಲ್ಲ. ಹದಿನೈದು ದಿನಗಳೊಳಗೆ ತಿದ್ದಿ ಕಳುಹಿಸಬೇಕೆಂದು ಪತ್ರ ಬಂದಿತು. ಬಂದದ್ದು ರಾಯಬಾಗದ ಆ ಹಳೆಯ ಖಾತೆಗೆ! ನಾನು ಅದನ್ನು ತೆರೆದಾಗ ಅವಧಿ ಮುಗಿದು ಇಪ್ಪತ್ತು ದಿನಗಳಾಗಿದ್ದವು. ಹಣ ಹೋಯಿತು, ಬಸ್ ಪಾಸು, ಪುಸ್ತಕಗಳ ವೆಚ್ಚವನ್ನು ತಂದೆಯವರು ಕಬ್ಬಿನ ಬಿಲ್ಲಿನಲ್ಲಿ ಹೊಂದಿಸಿದರು. ಯಾರನ್ನು ದೂರಲಿ? ನಾನು ಕೊಟ್ಟ ವಿಳಾಸಕ್ಕೇ ಅವರು ಬರೆದಿದ್ದರು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ಇನ್ನಷ್ಟು ಮೈಮರೆತಿದ್ದರೆ ಆ ಖಾತೆಯೇ ಇರುತ್ತಿರಲಿಲ್ಲವೇನೋ.

ಅಂದಿನಿಂದ ನನ್ನ ಮತವಿಷ್ಟು: ಖಾತೆಗಳು ಎಷ್ಟಾದರೂ ಇರಲಿ, ಓದುವ ಜಾಗ ಒಂದಿರಬೇಕು; ಆದರೆ ಖಾತೆಗಳನ್ನು ಒಂದರಲ್ಲೊಂದು ಬೆರೆಸಬಾರದು.

ಮಾವನವರ ಅಂಗಡಿಯ ಗಣಕಯಂತ್ರದಲ್ಲಿ ಥಂಡರ್‌ಬರ್ಡ್ ಎಂಬ ತಂತ್ರಾಂಶವನ್ನು ಹಾಕಿಕೊಂಡೆ. ಮೊಜಿಲ್ಲಾದವರು ಇದರ ಮೊದಲ ಪೂರ್ಣ ಆವೃತ್ತಿಯನ್ನು 2004ರ ಡಿಸೆಂಬರಿನಲ್ಲಿ ಹೊರತಂದರು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಅಂಚೆಮನೆಯಲ್ಲಿ ಟಪಾಲು ವಿಂಗಡಿಸುವ ಗೂಡುಗಳನ್ನು ವಾಚಕರು ನೋಡಿರಬಹುದು. ಊರೂರಿನ ಪತ್ರ ಬೇರೆ ಬೇರೆ ಗೂಡಿನಲ್ಲಿದ್ದರೂ ಕುರ್ಚಿಯಲ್ಲಿ ಕುಳಿತವನಿಗೆ ಎಲ್ಲವೂ ಕಣ್ಣೆದುರಿಗೇ. ಇಲ್ಲಿಯೂ ಅದೇ ಬಗೆ. ನಾಲ್ಕು ಖಾತೆಗಳು ಎಡಗಡೆಗೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಬೇಕೆಂದಾಗ ನಾಲ್ಕಕ್ಕೂ ಬಂದ ಪತ್ರಗಳನ್ನು ಒಂದೇ ಪಟ್ಟಿಯಲ್ಲಿ ನೋಡಬಹುದು.

ಖಾತೆ ಜೋಡಿಸುವಾಗ ಐಮ್ಯಾಪ್, ಪಾಪ್ ಎಂಬ ಎರಡು ದಾರಿಗಳಿವೆ. ಪಾಪ್ ಪತ್ರಗಳನ್ನು ಆ ಯಂತ್ರಕ್ಕೆ ಇಳಿಸಿಕೊಳ್ಳುತ್ತದೆ. ಸರ್ವರಿನಲ್ಲಿ ಪ್ರತಿ ಉಳಿಯಲೆಂದು ಗುರುತು ಹಾಕದಿದ್ದರೆ ಅಲ್ಲಿಂದ ಅಳಿಸಿಯೂ ಬಿಡಬಲ್ಲದು. ಐಮ್ಯಾಪಿನಲ್ಲಿ ಮೂಲಪತ್ರ ಸರ್ವರಿನಲ್ಲಿಯೇ ಇರುತ್ತದೆ. ನಿಪ್ಪಾಣಿಯಲ್ಲಿ ಓದಿದ್ದು ನನ್ನ ಫೋನಿನಲ್ಲಿಯೂ ಓದಿದಂತೆ ಕಾಣುತ್ತದೆ. ಅಳಿಸಿದರೆ ಅಲ್ಲಿಯೂ ಹೋಗುತ್ತದೆನ್ನಿ. ಆದರೂ ಊರಿಂದೂರಿಗೆ ಬಸ್ಸು ಬದಲಿಸುವ ನಮ್ಮಂಥವರಿಗೆ ಐಮ್ಯಾಪೇ ತಕ್ಕದ್ದು.

"ಇಷ್ಟೆಲ್ಲ ಯಾಕೋ? ಎಲ್ಲಾನೂ ಒಂದಕ್ಕ ತಿರಿಗಿಸಿಬಿಡು" ಎನ್ನುತ್ತಾರೆ ಗೆಳೆಯರು. ನಾನೊಪ್ಪಲಾರೆ. ಅಂಗಡಿಯ ಪತ್ರಗಳು ಮಾವನವರ ಸೊತ್ತು. ಕೊಲ್ಹಾಪುರ, ಸಾಂಗಲಿಗಳಿಂದ ಮರಾಠಿಯಲ್ಲಿ ಬರುವ ದರದ ವಿಚಾರಣೆಗಳು ನನ್ನ ಪರೀಕ್ಷೆಯ ಪ್ರಕಟಣೆಗಳೊಡನೆ ಕಲೆತರೆ, ನಾಳೆ ಅವರ ಮಗಳು ಲೆಕ್ಕ ನೋಡತೊಡಗಿದಾಗ ಬೇರ್ಪಡಿಸುವವರಾರು?

ಒಂದು ಕಿಟಕಿಯಿಂದಲೂ ಅಪಾಯವುಂಟು. ಬಂದ ಪತ್ರಕ್ಕೆ ಉತ್ತರಿಸಿದರೆ ಅದು ಬಂದ ಖಾತೆಯಿಂದಲೇ ಸಾಮಾನ್ಯವಾಗಿ ಹೋಗುತ್ತದೆ. ಹೊಸ ಪತ್ರ ಬರೆಯುವಾಗ ಮಾತ್ರ ಕಳುಹಿಸುವವರ ಸಾಲನ್ನು ನೋಡಲೇಬೇಕು. ನಾನು ನೋಡಲಿಲ್ಲ. ಪ್ರಾಚಾರ್ಯರಿಗೆ ಬರೆದ ರಜೆಯ ಅರ್ಜಿ ಅಂಗಡಿಯ ಖಾತೆಯಿಂದ, "ತಂಬಾಕಿನ ವ್ಯಾಪಾರಿಗಳು, ನಿಪ್ಪಾಣಿ" ಎಂಬ ಸಹಿಯೊಡನೆ ಹೋಯಿತು! ಉತ್ತರವೂ ಅಲ್ಲಿಗೇ ಬಂದಿತು. ಮಾವನವರು ಅದನ್ನು ತಮ್ಮ ಫೋನಿನಲ್ಲಿ ಓದಿ, "ಏನೋ ಅಳಿಯಾ, ನಮ್ಮ ಅಂಗಡಿಗೆ ಪ್ರಿನ್ಸಿಪಾಲರು ಮೂರು ದಿನ ರಜಾ ಕೊಟ್ಟಾರಲ್ಲೋ!" ಎಂದು ಗಿರಾಕಿಗಳೆದುರಿಗೇ ನಕ್ಕರು.

ಈಗ ಕಾಲೇಜಿನ ಖಾತೆಯನ್ನು ಮೊದಲನೆಯದಾಗಿ ಇಟ್ಟಿದ್ದೇನೆ, ತಂತ್ರಾಂಶಕ್ಕೆ ಗುಪ್ತಪದವನ್ನೂ ಹಾಕಿದ್ದೇನೆ. ಅಂಗಡಿಯ ಯಂತ್ರದ ಮುಂದೆ ಯಾರು ಬೇಕಾದರೂ ಕೂಡುತ್ತಾರಷ್ಟೆ. ಕಾಲೇಜಿನ ಗಣಕಯಂತ್ರಗಳಲ್ಲಿ ಮಾತ್ರ ಇಂಥ ಜೋಡಣೆಗೆ ನಾನು ಹೋಗುವುದಿಲ್ಲ. ಈ ವರ್ಷದ ಅರ್ಜಿಯಲ್ಲಿ ಹಳೆಯ ವಿಳಾಸವನ್ನು ಹೊಡೆದು ಕಾಲೇಜಿನದನ್ನು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.