ಬ್ಯಾಟರಿ ಕೊಳ್ಳುವ ಮುನ್ನ

ಆಟಿಯ ಮಳೆಗೆ ಶೆಡ್ಡಿನಲ್ಲಿ ನಿಂತ ಜೀಪು ಸೆಲ್ಫ್ ಎಳೆಯದಿದ್ದರೆ ಸುಳ್ಯದಿಂದ ಹೊಸ ಬ್ಯಾಟರಿ ತರುವವರೇ ನಮ್ಮಲ್ಲಿ ಹೆಚ್ಚು. ನಾನೂ ತಂದವನೇ. ತಿಂಗಳೊಳಗೆ ಅದೂ ಮಲಗಿತು; ದೋಷವಿದ್ದದ್ದು ಸಡಿಲಗೊಂಡ ಫ್ಯಾನ್ ಬೆಲ್ಟಿನಲ್ಲಿ!

ಸದಸ್ಯರು ಮೊದಲು ಇಂಜಿನ್ ನಿಲ್ಲಿಸಿ ಟರ್ಮಿನಲಿನ ಕಿಲುಬು ತೆಗೆದು ಬಿಗಿಯಬೇಕು. ಬಳಿಕ ಮೀಟರ್ ಹಿಡಿಯಿರಿ. ರಾತ್ರಿ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಚಾರ್ಜ್ ತುಂಬಿದೆ, 12.2 ಆದರೆ ಅರ್ಧ ಬರಿದು. ಇಂಜಿನ್ ಓಡುವಾಗ 14ರ ಆಸುಪಾಸಿಗೆ ಏರದಿದ್ದರೆ ಬೆಲ್ಟ್, ಆಲ್ಟರ್ನೇಟರ್ ನೋಡಿಸಬೇಕು. ಡೈನಮೋ ಕಾಲದಂತೆ ಓಡುವ ಇಂಜಿನಿನಲ್ಲಿ ಬ್ಯಾಟರಿ ವಯರ್ ಕಳಚಿ ಪರೀಕ್ಷಿಸುವ ಹಳಬರಿದ್ದಾರೆ. ದಯವಿಟ್ಟು ಬೇಡ, ಆಲ್ಟರ್ನೇಟರಿನ ಡಯೋಡ್ ಸುಟ್ಟೀತು.

ನಡುರಾತ್ರಿ ರೋಗಿಯನ್ನು ಸಾಗಿಸಬೇಕಾದ ಊರು ನಮ್ಮದು. ಸಂಘದ ಕಚೇರಿಯಲ್ಲಿ ಒಂದು ಮೀಟರ್ ಇರಲೇಬೇಕೆಂದು ಮುಂದಿನ ಸಭೆಯಲ್ಲಿ ಕೇಳಲಿದ್ದೇನೆ.