ತಿಪ್ಪೆಯ ವಾಯುವೂ ಒಲೆಯ ಉರಿಯೂ

ಜಗತ್ತು ಬಿಸಿಯಾಗುತ್ತಿರುವದಕ್ಕೆ ಮಿಥೇನ್ ವಾಯುವೂ ಒಂದು ಕಾರಣವೆಂದು ನಮ್ಮ ಬಾಲಿಕೆಯರು ಪಾಠದಲ್ಲಿ ಕಲಿಯುತ್ತಾರೆ. ಅದು ಎಲ್ಲಿಂದ ಬರುವದೆಂದು ಕೇಳಿದರೆ, ‘ದನಗಳಿಂದ, ಭತ್ತದ ಗದ್ದೆಗಳಿಂದ’ ಎಂದು ಒಪ್ಪಿಸಿಬಿಡುವರು. ಉತ್ತರವು ಸುಳ್ಳಲ್ಲ, ಆದರೆ ತಿಕೋಟಾ, ಬಬಲೇಶ್ವರಗಳ ಜೋಳದ ಹೊಲಗಳನ್ನು ನೋಡಿ ಬೆಳೆದ ಹುಡುಗಿಗೆ ಅಷ್ಟು ಸಾಲದೆಂದು ನನ್ನ ಮತ.

ಗಾಳಿಯ ಸಂಪರ್ಕವಿಲ್ಲದೆ ಸಸ್ಯಾದಿಗಳು ಕೊಳೆತಲ್ಲೆಲ್ಲ ಸೂಕ್ಷ್ಮಜೀವಿಗಳು ಈ ವಾಯುವನ್ನು ಹುಟ್ಟಿಸುತ್ತವೆ. ಜೌಗು ನೆಲ, ಕೆರೆಯ ತಳದ ಕೆಸರು, ಗೆದ್ದಲಿನ ಹೊಟ್ಟೆ, ಇವು ನಿಸರ್ಗದ ಮೂಲಗಳು. 1776ರಲ್ಲಿ ಇಟಲಿಯ ವೋಲ್ಟಾ ಎಂಬ ಪಂಡಿತನು ಸರೋವರದ ಕೆಸರನ್ನು ಕದಡಿ, ಎದ್ದ ಗುಳ್ಳೆಗಳಲ್ಲಿಯೇ ಇದನ್ನು ಹಿಡಿದನು. ನಿಸರ್ಗದ ಪಾಲು ನೂರಕ್ಕೆ ಸುಮಾರು 40. ಉಳಿದ 60 ಮನುಷ್ಯನದು: ದನಕರು, ಬೇಸಾಯ, ಕಲ್ಲಿದ್ದಲ ಗಣಿ, ಎಣ್ಣೆಬಾವಿ, ಊರ ಕಸ. ಇಪ್ಪತ್ತು ವರ್ಷಗಳ ಲೆಕ್ಕ ಹಿಡಿದರೆ ಇದು ಇಂಗಾಲಾಮ್ಲ ವಾಯುವಿಗಿಂತ, ತೂಕಕ್ಕೆ ತೂಕ, ಸುಮಾರು 80 ಪಟ್ಟು ಶಾಖವನ್ನು ಹಿಡಿದಿಡುವದು. ಆದರೆ ಹತ್ತು ಹನ್ನೆರಡು ವರ್ಷಗಳಲ್ಲಿ ಇದರ ಬಹುಭಾಗವು ಅಳಿದುಹೋಗುವದು. ಆದಕಾರಣ ಇಂದು ತಡೆದರೆ ಅದರ ಫಲವನ್ನು ನಮ್ಮ ಮಕ್ಕಳೇ ಕಾಣುವರು.

ದನವು ಮೆಲುಕು ಹಾಕುವಾಗ ಬಾಯಿಂದ ಹೊರಡುವ ವಾಯುವನ್ನು ಹಿಡಿಯುವದು ನಮ್ಮಿಂದಾಗದು. ಅದಕ್ಕಾಗಿ ಖಿಲಾರಿ ಎತ್ತನ್ನು ಬಯ್ದು ಫಲವಿಲ್ಲ. ಒಣ ಕಣಿಕೆಯ ಜೊತೆಗೆ ಹಸಿರು ಮೇವನ್ನೂ ಹಾಕಬಹುದು, ಅಷ್ಟೆ. ಸೆಗಣಿಯ ಮಾತು ಬೇರೆ. ಬಿಸಿಲಿಗೆ ಒಣಗಿದ ಕುಳ್ಳಿನಿಂದ ಮಿಥೇನ್ ಹೆಚ್ಚಾಗಿ ಏಳದು (ಅದರ ಹೊಗೆ ತಾಯಂದಿರ ಕಣ್ಣಿಗೆ ಗೊತ್ತು). ಹಸಿಯಾಗಿ ಆಳದ ತಿಪ್ಪೆಯಲ್ಲಿ ತುಂಬಿಟ್ಟದ್ದರಿಂದ ಏಳುವದು. ಅದನ್ನೇ ಗೋಬರ ಗ್ಯಾಸಿನ ತೊಟ್ಟಿಗೆ ಹಾಕಿದರೆ ನಾಲ್ಕೈದು ದನಗಳಿರುವ ಮನೆಯ ಅಡಿಗೆ ಸಾಗುವದು; ಉಳಿದ ರಾಡಿಯು ತೋಟಕ್ಕಾಗುವದು. ದ್ರಾಕ್ಷಿ ಬೆಳೆಯುವ ಪಾಲಕರಿಗೆ ಗೊಬ್ಬರದ ಬೆಲೆಯನ್ನು ನಾನು ಹೇಳಬೇಕಾಗಿಲ್ಲ. ಸಿಲಿಂಡರು ಬಂದಿತೆಂದು ಇದ್ದ ತೊಟ್ಟಿಯನ್ನು ಹಾಳುಗೆಡವುವದು ಜಾಣತನವಲ್ಲ. ಹೊಸ ಮನೆಯ ಮುಂಭಾಗಕ್ಕೆ ಬಣ್ಣದ ಕಲ್ಲು ಕೂಡಿಸುವವರು ಹಿತ್ತಲಲ್ಲಿ ಇದಕ್ಕೊಂದು ಸ್ಥಳವನ್ನು ತೋರಿಸಲಾರರೇ? ಆದರೆ ತೊಟ್ಟಿಯ ಗುಮ್ಮಟವು ಬಿರಿದು ವಾಯು ಸೋರತೊಡಗಿದರೆ ಹಳೆಯ ತಿಪ್ಪೆಯೇ ಲೇಸು. ದುರಸ್ತಿಗೆ ಆಲಸ್ಯ ಸಲ್ಲದು.

ವಿಜಯಪುರ ನಗರದಲ್ಲಿ ಸಂಸಾರ ಹೂಡಿರುವ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಪಾಲಿನ ಕೆಲಸವು ಅಡಿಗೆಮನೆಯ ಬುಟ್ಟಿಯಲ್ಲಿದೆ. ಹಸಿ ಕಸವನ್ನು ಪ್ಲಾಸ್ಟಿಕಿನೊಡನೆ ಕಟ್ಟಿ ಕೊಟ್ಟರೆ ಅದು ಕಸದ ಗುಡ್ಡದಡಿಯಲ್ಲಿ ಗಾಳಿಯಿಲ್ಲದೆ ಕೊಳೆತು ಇದೇ ವಾಯುವನ್ನು ಬಿಡುವದು. ಬೇರ್ಪಡಿಸಿ ಕೊಟ್ಟರೆ ಗೊಬ್ಬರವಾಗಬಲ್ಲದು.

ಬರುವ ಜೂನದಿಂದ ಎಂಟನೆಯ ಇಯತ್ತೆಯ ಹುಡುಗಿಯರು ತಮ್ಮೂರಿನ ಕೆರೆ, ಮನೆಯ ತಿಪ್ಪೆ, ಕಸದ ಬುಟ್ಟಿಗಳನ್ನು ಕಣ್ಣಾರೆ ನೋಡಿ ಈ ಪಾಠದ ಉತ್ತರವನ್ನು ಬರೆಯತಕ್ಕದ್ದೆಂದು ಗೊತ್ತುಮಾಡಿದ್ದೇವೆ. ಅವರು ಪ್ರಶ್ನೆ ಕೇಳಿದಾಗ ಪಾಲಕರು ಬೇಸರಿಸದೆ ಹಿತ್ತಲಿಗೆ ಕರೆದೊಯ್ಯಬೇಕು.