ಮಾತು ತಡವರಿಸಿತು, ವೋಟು ತಡವರಿಸಲಿಲ್ಲ

ಸೆಮಿನಾರ್‌ನಲ್ಲಿ ಯಾರಾದ್ರೂ ಮಧ್ಯದಲ್ಲೇ ಬ್ಲ್ಯಾಂಕ್ ಆದ್ರೆ ಹಿಂದಿನ ಬೆಂಚಿಂದ ಕಿಸಕ್ ಅಂತ ನಗು ಬರುತ್ತಲ್ವಾ? ನಾನೂ ಹಾಗೆ ನಕ್ಕವಳೇ. ಹೋದ ತಿಂಗಳು ಬ್ಲ್ಯಾಂಕ್ ಆದವಳೂ ನಾನೇ. ಅವತ್ತಿಂದ ಒಬ್ಬರ ಕಥೆ ತಲೆಯಲ್ಲಿ ಕೂತುಬಿಟ್ಟಿದೆ.

ಹೆಸರು ರಿಕಿ ಮ್ಯೂರ್. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದವರು. ಸಾಮಿಲ್‌ನಲ್ಲಿ ದುಡಿದವರು, ಕಾರು ಅಂದ್ರೆ ಪ್ರಾಣ. 2013ರಲ್ಲಿ ಮೋಟರಿಂಗ್ ಎಂಥೂಸಿಯಾಸ್ಟ್ ಪಾರ್ಟಿ ಅನ್ನೋ ಪುಟಾಣಿ ಪಕ್ಷದಿಂದ ಸೆನೆಟ್‌ಗೆ ನಿಂತ್ರು. ಬಂದ ಮೊದಲ ಪ್ರಾಶಸ್ತ್ಯದ ಮತ ಶೇ. 0.51. ಆದ್ರೂ ಗೆದ್ರು!

ಹೇಗೆ ಅಂತೀರಾ? ಆಗ ಅಲ್ಲಿ ಮತದಾರ ಒಂದು ಪಕ್ಷದ ಬಾಕ್ಸಲ್ಲಿ 1 ಅಂತ ಬರೆದ್ರೆ ಸಾಕಿತ್ತು. ಮುಂದಿನ ಪ್ರಾಶಸ್ತ್ಯ ಯಾರ್ಯಾರಿಗೆ ಅಂತ ಪಕ್ಷವೇ ಮೊದಲೇ ಪಟ್ಟಿ ಕೊಟ್ಟಿರ್ತಿತ್ತು. ಸಣ್ಣ ಪಕ್ಷಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡ್ಕೊಂಡ್ವು. ಹನಿ ಹನಿ ಕೂಡಿ ಹಳ್ಳ ಆಯ್ತು, ಸೀಟಿಗೆ ಬೇಕಾದ ಸುಮಾರು ಶೇ. 14.3 ತುಂಬಿತು. ಈ ಪದ್ಧತಿ ಸರಿ ಅಂತ ನಾನು ವಾದ ಮಾಡಲ್ಲ. ತನ್ನ ವೋಟು ಎಲ್ಲಿಗೆ ಹೋಯ್ತು ಅಂತ ಮತದಾರನಿಗೇ ಗೊತ್ತಾಗದಿದ್ರೆ ಅದು ತಪ್ಪೇ.

2014ರಲ್ಲಿ ಒಂದು ಟಿವಿ ಸಂದರ್ಶನ. 'ಬ್ಯಾಲೆನ್ಸ್ ಆಫ್ ಪವರ್' ವಿಷಯ ಬಂದಾಗ ತಡವರಿಸಿದ್ರು, ಮಧ್ಯದಲ್ಲಿ ಬಿಡುವು ಕೇಳಿದ್ರು. ಅದನ್ನೂ ಪ್ರಸಾರ ಮಾಡಿದ್ರು. ಜನ ಬಿದ್ದು ಬಿದ್ದು ನಕ್ಕರು.

ಆಮೇಲೆ ಏನಾಯ್ತು ನೋಡಿ.

ಹಣಕಾಸು ಸಲಹೆಗಾರರು ಗ್ರಾಹಕನ ಹಿತವನ್ನೇ ಮೊದಲು ನೋಡಬೇಕು, ಕಮಿಷನ್‌ಗೆ ಕಡಿವಾಣ ಇರಬೇಕು ಅನ್ನೋ ಕಾನೂನನ್ನ ಸರ್ಕಾರ ಸಡಿಲ ಮಾಡಿತ್ತು. ಮ್ಯೂರ್ ಮೊದಲು ಸರ್ಕಾರದ ಜೊತೆಗಿದ್ರು. 2014ರ ನವೆಂಬರ್‌ನಲ್ಲಿ ನಿಲುವು ಬದಲಿಸಿದ್ರು, ಆ ಸಡಿಲಿಕೆ ರದ್ದಾಯ್ತು. ಮನೆಗೆ ಪಾಲಿಸಿ ಮಾರೋಕೆ ಬರೋ ಅಂಕಲ್ ನೆನಪಾದ್ರೆ ಇದರ ಬೆಲೆ ಗೊತ್ತಾಗುತ್ತೆ. 2015ರ ಮಾರ್ಚ್‌ನಲ್ಲಿ, ವಿಶ್ವವಿದ್ಯಾಲಯಗಳೇ ತಮಗೆ ಬೇಕಾದಷ್ಟು ಫೀಸು ನಿಗದಿ ಮಾಡೋಕೆ ಬಿಡೋ ಮಸೂದೆ ಬಂತು. ಮ್ಯೂರ್ ಬೇಡ ಅಂದ್ರು. 34–30ರಲ್ಲಿ ಮಸೂದೆ ಬಿತ್ತು.

ಅವರ ಎಲ್ಲಾ ವೋಟೂ ನನಗೆ ಒಪ್ಪಿಗೆ ಅಂತಲ್ಲ. 2014ರ ಡಿಸೆಂಬರ್‌ನಲ್ಲಿ, ದೋಣಿಯಲ್ಲಿ ಬಂದ ನಿರಾಶ್ರಿತರಿಗೆ ತಾತ್ಕಾಲಿಕ ವೀಸಾ ಮಾತ್ರ ಕೊಡೋ ಮಸೂದೆಗೆ ಹೌದು ಅಂದ್ರು. ಅದು ನನಗೆ ಇವತ್ತಿಗೂ ಚುಚ್ಚುತ್ತೆ. ಬೈಯೋದಾದ್ರೆ ಇಂಥದ್ದಕ್ಕೆ ಬೈಯೋಣ, ತೊದಲಿದ್ದಕ್ಕಲ್ಲ.

2016ರಲ್ಲಿ ಆ ಮತಪದ್ಧತಿ ಬದಲಾಯ್ತು. ಅದೇ ಜುಲೈ ಚುನಾವಣೆಯಲ್ಲಿ ಮ್ಯೂರ್ ಸೋತ್ರು. ಸೆನೆಟ್‌ನಲ್ಲಿದ್ದದ್ದು ಬರೀ ಎರಡು ವರ್ಷ.

ಈಗ ನಮ್ಮ ಕ್ಲಾಸಿಗೆ ಬರೋಣ. ಕ್ಲಾಸ್ ರೆಪ್ ಆರಿಸುವಾಗ ನಾವು ನೋಡಿದ್ದೇನು? ಯಾರ ಇಂಗ್ಲಿಷ್ ಸರಾಗ ಅಂತ. ಒಂದೇ ದಿನ ಎರಡು ಇಂಟರ್ನಲ್ಸ್ ಬಿದ್ದಾಗ ಸ್ಟಾಫ್ ರೂಮಿಗೆ ಹೋಗಿ ಡೇಟ್ ಬದಲಾಯಿಸಿಕೊಂಡು ಬಂದಿದ್ದು ಮಾತ್ರ, ಸೆಮಿನಾರ್‌ನಲ್ಲಿ ನಾವು ನಕ್ಕಿದ್ವಲ್ಲ, ಆ ಹುಡುಗ.